ಸಹಾಯ ಬೇಕು: ಸಸ್ಪೆನ್ಶನ್ ಫೋರ್ಕ್ ಇರುವ ಸೈಕಲ್‌ಗೆ ಪೂರ್ತಿ ಉದ್ದದ ಮಡ್‌ಗಾರ್ಡ್

ಬಳಗದ ಎಲ್ಲರಿಗೂ ನಮಸ್ಕಾರ. ಗಾಜನೂರು ಕಡೆಯಿಂದ ಶಿವಮೊಗ್ಗದ ಕಚೇರಿಗೆ ತೀರ್ಥಹಳ್ಳಿ ರಸ್ತೆಯಲ್ಲಿ ಮೌಂಟನ್ ಬೈಕ್ ತುಳಿದು ಬರುತ್ತೇನೆ. ಮಳೆ ಹಿಡಿದ ಮೇಲೆ ಹಿಂದಿನ ಚಕ್ರ ಬೆನ್ನಿಗೆ ಕೆಮ್ಮಣ್ಣಿನ ನಾಮ ಎಳೆಯುತ್ತದೆ, ಮುಂದಿನದು ಕನ್ನಡಕಕ್ಕೇ ಗುರಿಯಿಡುತ್ತದೆ. ರೈನ್‌ಕೋಟ್ ತಡೆಯುವುದು ಮೇಲಿನ ನೀರನ್ನು ಮಾತ್ರ.

ಚಕ್ರ 27.5 ಇಂಚು, ಟೈರ್ ಅಗಲ 2.1 ಇಂಚು, ಎರಡೂ ಕಡೆ ಡಿಸ್ಕ್ ಬ್ರೇಕ್. ಸೀಟಿನ ಕಂಬಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಮಡ್‌ಗಾರ್ಡ್ ಗುಂಡಿ ಸಿಕ್ಕಾಗಲೆಲ್ಲ ಪಕ್ಕಕ್ಕೆ ತಿರುಗುತ್ತದೆ. ಅದರ ಸಹವಾಸ ಸಾಕು.

ಹಿಂಭಾಗದ ಚಿಂತೆ ಅಷ್ಟಿಲ್ಲ. ಫ್ರೇಮಿನಲ್ಲಿ ಬೋಲ್ಟ್ ಹಾಕುವ ತೂತುಗಳಿವೆ. ಬ್ರೇಕ್ ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಭಾಗ) ಅಡ್ಡ ಬರುವ ಕಡೆ ಉದ್ದದ ಬೋಲ್ಟ್, ನಡುವೆ ಅಂತರ ಕೊಡುವ ಸ್ಪೇಸರ್ ಹಾಕಿದರೆ ಮಡ್‌ಗಾರ್ಡ್ ಹಿಡಿದಿಡುವ ಕಂಬಿ ಹೊರಗೆ ಸರಿಯುತ್ತದೆ. ತೊಡಕಿರುವುದು ಮುಂದೆ. ಮುಂದಿನ ಚಕ್ರ ಹಿಡಿದಿರುವ, ಗುಂಡಿ ಸಿಕ್ಕಾಗ ಕುಗ್ಗುವ ಫೋರ್ಕಿನಲ್ಲಿ ತೂತೇ ಇಲ್ಲ. ಅದರ ಎರಡೂ ಕಾಲು ಕೂಡುವ ಮೇಲಿನ ಕ್ರೌನ್‌ಗೆ ಬಿಗಿದರೆ ಫೋರ್ಕ್ ಕುಗ್ಗಿದಾಗ ಟೈರ್ ಮೇಲೆದ್ದು ಮಡ್‌ಗಾರ್ಡಿಗೆ ತಾಗುತ್ತದೆ. ತಾಗದಷ್ಟು ಎತ್ತರಕ್ಕೆ ಕೂರಿಸಿದರೆ ಕೆಸರು ಸಂದಿಯಲ್ಲೇ ಹಾರುತ್ತದೆ. ಚಕ್ರದ ಜೊತೆಗೇ ಚಲಿಸುವ ಕೆಳಗಿನ ಕಾಲುಗಳಿಗೆ ರಬ್ಬರ್ ಒಳಪದರದ ಕ್ಲಾಂಪ್ ಬಿಗಿದು ಕಂಬಿ ಕೊಡಬಹುದೇ? ಜಾರಿ ಚಕ್ರಕ್ಕೆ ಸಿಕ್ಕಿಕೊಂಡರೆ ಹಲ್ಲು ಹೋದೀತು ಎಂಬ ಭಯ.

ಮಡ್‌ಗಾರ್ಡಿಗೆ 65 ಮಿ.ಮೀ. ಅಗಲ ಸಾಕೇ? ಅಂಟು ಮಣ್ಣು ಕಟ್ಟಿಕೊಳ್ಳದಿರಲು ಟೈರಿನಿಂದ ಎಷ್ಟು ಅಂತರ ಬಿಟ್ಟಿದ್ದೀರಿ? ಸಾಗರ, ತೀರ್ಥಹಳ್ಳಿ ಕಡೆ ಮಳೆಗಾಲದಲ್ಲೂ ಓಡಿಸುವವರು ಫೋರ್ಕಿನ ಚಿತ್ರ ಹಾಕಿದರೆ ದೊಡ್ಡ ಉಪಕಾರ. ನಗರದಲ್ಲಿ ಇಂಥ ಕ್ಲಾಂಪ್ ಸಿಗುವ ಅಂಗಡಿ ಗೊತ್ತಿದ್ದರೂ ತಿಳಿಸಿ.