ಗುಂಡು ಬಿದ್ದರೂ ಯಾರಿಗೂ ಭಯವಿಲ್ಲ. ಬಾಹ್ಯಾಕಾಶದ ಕ್ಯಾಂಪೇನ್‌ಗೆ ಯಾವ ರೂಲ್ಸ್ ಒಳ್ಳೆಯದು?

ಕೊತ್ರೂಡ್_ಜಿಎಂ
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಭಾನುವಾರ ಸೇರಿ, ಟೇಬಲ್ ಸುತ್ತ ಕೂತು ದಾಳ ಎಸೆದು ರೋಲ್‌ಪ್ಲೇ ಆಟ ಆಡುವ ಗುಂಪು ನಮ್ಮದು. ಆಟ ನಡೆಸುವ ಜಿಎಂ ನಾನು. ಕನ್ನಡದವರೂ ಇದ್ದೇವೆ, ಮರಾಠಿ ಗೆಳೆಯರೂ ಇದ್ದಾರೆ. ನಮ್ಮ ಕ್ಯಾಂಪೇನ್, ಅಂದರೆ ವಾರವಾರ ಮುಂದುವರಿಯುವ ಆಟದ ಕಥೆ, ಗಣಿ ಕಂಪನಿಯ ಕೂಲಿ ಸೈನಿಕರದ್ದು. ಹಳೇ ನಿಲ್ದಾಣ, ಕತ್ತಲೆ ಕಾರಿಡಾರ್, ಕೈಯಲ್ಲಿ ರೈಫಲ್. ಎದುರಿನವನು ಬಂದೂಕು ಎತ್ತಿದರೆ ಎದೆ ಝಲ್ ಅನ್ನಬೇಕು. ಆದರೆ ನಮ್ಮಲ್ಲಿ ಎಲ್ಲರೂ ಗುಂಡಿನ ಮಳೆಯಲ್ಲಿ ಆರಾಮಾಗಿ ನಡೆದು ಹೋಗುತ್ತಾರೆ. ಕಳೆದ ವಾರ ಇಡೀ ಸಂಜೆ ಒಂದೇ ಕಾಳಗಕ್ಕೆ ಹೋಯಿತು. ಒಬ್ಬರಿಗೂ ಗಾಯವಿಲ್ಲ. ನನಗೆ ಸಾಕಾಗಿದೆ. ರೂಲ್ಸ್ ಬದಲಿಸಲೇಬೇಕು. ಭಾನುವಾರದೊಳಗೆ ಹೇಳಿ.

ಮೂರು_ದಾಳ
ಗರ್ಪ್ಸ್ ಅನ್ನೋ ರೂಲ್ಸ್ ತಗೊಳ್ಳಿ, ಬೇರೆ ಯೋಚನೆಯೇ ಬೇಡ. 2004ರ ನಾಲ್ಕನೇ ಆವೃತ್ತಿ. ಸಾಮಾನ್ಯ ಮನುಷ್ಯನಿಗೆ ಇರುವುದು 10 ಎಚ್‌ಪಿ, ಅಂದರೆ ಗಾಯ ತಾಳುವ ಅಂಕ. 5.56 ರೈಫಲ್‌ನ ಒಂದು ಗುಂಡಿಗೆ 5 ದಾಳ ಎಸೆದು ಬಂದಷ್ಟು ಹಾನಿ. ಲೆಕ್ಕ ನೀವೇ ಹಾಕಿ. ರಿಕಾಯಿಲ್ (ಬಂದೂಕಿನ ಒದೆತದ ಅಂಕ) 2 ಇದ್ದು, ದಾಳ ಬೇಕಾದ್ದಕ್ಕಿಂತ 4 ಅಂಕ ಚೆನ್ನಾಗಿ ಬಿದ್ದರೆ 3 ಗುಂಡು ತಗುಲುತ್ತವೆ. ಇಷ್ಟು ಆದ ಮೇಲೆ ಯಾರು ಎದೆಯುಬ್ಬಿಸಿ ನಡೆಯುತ್ತಾರೆ?

ಹಿಂಜವಡಿ_ಕ್ಯಾಪ್ಟನ್
ಸರ್, ಅದರಲ್ಲಿ ಒಂದು ಸುತ್ತು ಅಂದರೆ 1 ಸೆಕೆಂಡ್. ಗುರಿ ಹಿಡಿಯೋದೇ ಒಂದು ಸುತ್ತು. ಇವರ ತೊಂದರೆಯೇ ಕಾಳಗ ಉದ್ದ ಆಗೋದು. ಭಯ ಬೇಕಿದ್ದರೆ ಮದರ್‌ಶಿಪ್ ಅನ್ನೋ ಆಟ ನೋಡಿ. ಗಾಯಕ್ಕಿಂತ ಮೊದಲು ಸ್ಟ್ರೆಸ್ ಏರುತ್ತೆ, ಆಮೇಲೆ ಪ್ಯಾನಿಕ್. ನಮ್ಮ ಟೇಬಲ್‌ನಲ್ಲಿ ದೊಡ್ಡವರೇ ಕುರ್ಚಿ ಬಿಟ್ಟು ಎದ್ದು ನಿಂತಿದ್ದಾರೆ.

ಮೂರು_ದಾಳ
1 ಸೆಕೆಂಡ್ ಇರೋದೇ ಅದರ ಬಲ ರೀ. ಸುತ್ತು ಜಾಸ್ತಿ ಆಗಲ್ಲ, ಎರಡು ಮೂರರಲ್ಲೇ ಯಾರೋ ಒಬ್ಬರು ನೆಲಕ್ಕೆ ಬಿದ್ದಿರುತ್ತಾರೆ. ಮದರ್‌ಶಿಪ್ ಹಾರರ್ ಆಟ. ಇವರದು ಕೂಲಿ ಸೈನಿಕರ ಕಥೆ. ಎರಡನ್ನೂ ಕಲಸಬೇಡಿ.

ಬೆಳಗಾವಿ_ಪಿಂಪ್ರಿ
ಟ್ವಿಲೈಟ್ 2000 ಅನ್ನೋ ಆಟದ ನಾಲ್ಕನೇ ಆವೃತ್ತಿ ಯಾರೂ ಹೇಳಲಿಲ್ಲವಲ್ಲ! 2021ರದ್ದು. ಗುಂಡಿಗೇ ಬೇರೆ ದಾಳ ಇದೆ. ಜಾಸ್ತಿ ದಾಳ ಎಸೆದರೆ ಜಾಸ್ತಿ ಹಾನಿ ಮಾಡಬಹುದು, ಆದರೆ ಮ್ಯಾಗಝೀನ್ ಬೇಗ ಖಾಲಿ. ಗುಂಡು ಎಣಿಸುವ ಗುಂಪಿಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಲೇಸರ್, ಗಾಸ್ (ಅಯಸ್ಕಾಂತದ ಬಲದಿಂದ ಗುಂಡು ಹಾರಿಸುವ) ಬಂದೂಕುಗಳ ರೂಲ್ಸ್ ಮಾತ್ರ ನೀವೇ ಬರೆದುಕೊಳ್ಳಬೇಕು.

ಹಿಂಜವಡಿ_ಕ್ಯಾಪ್ಟನ್
ಭಾನುವಾರದೊಳಗೆ ಬಂದೂಕಿನ ಪಟ್ಟಿ ಬರೆಯಲಿ ಅಂತೀರಾ?

ಬೆಳಗಾವಿ_ಪಿಂಪ್ರಿ
ನಾನು ಬರೆದಿದ್ದೇನೆ. ಬೇಕಿದ್ದರೆ ಕೊಡುತ್ತೇನೆ.

ಆಂಧ್_ಅಕ್ಕ
ಸ್ವಲ್ಪ ತಾಳಿ. ಈಗ ಯಾವ ರೂಲ್ಸ್‌ನಲ್ಲಿ ಆಡುತ್ತಿದ್ದಾರೆ ಅಂತ ಅವರು ಹೇಳಿಯೇ ಇಲ್ಲ. ಯಾವ ಬಂದೂಕು, ಮೈಮೇಲೆ ಏನು ಹಾಕಿದ್ದಾರೆ, ಅದೂ ಗೊತ್ತಿಲ್ಲ. ಕೊತ್ರೂಡ್ ತಮ್ಮಾ, ಅದನ್ನು ಮೊದಲು ಹೇಳು.

ಕೊತ್ರೂಡ್_ಜಿಎಂ
ಟ್ರಾವೆಲರ್ ಅನ್ನೋ ರೂಲ್ಸ್, ಅಕ್ಕಾ. ಮಂಗೂಸ್ ಕಂಪನಿಯ ಎರಡನೇ ಆವೃತ್ತಿ. ಬಾಹ್ಯಾಕಾಶ ಅಂದರೆ ಎಲ್ಲರೂ ಅದರಲ್ಲೇ ಅಲ್ವಾ ಶುರು ಮಾಡೋದು? ಎದುರಾಳಿಗಳ ಹತ್ತಿರ ಅಸಾಲ್ಟ್ ರೈಫಲ್. ನಮ್ಮವರೆಲ್ಲ ಟೆಕ್ ಲೆವೆಲ್ (ತಂತ್ರಜ್ಞಾನದ ಮಟ್ಟ) 12ರ ಕಾಂಬ್ಯಾಟ್ ಆರ್ಮರ್, ಅಂದರೆ ಯುದ್ಧದ ಕವಚ, ಕೊಂಡಿದ್ದಾರೆ. ಅದನ್ನು ಹಾಕಿಕೊಂಡೇ ಇರುತ್ತಾರೆ, ಕ್ಯಾಂಟೀನ್‌ಗೂ.

ಆಂಧ್_ಅಕ್ಕ
ಹಾಗಾದರೆ ಕಾರಣ ಸಿಕ್ಕಿತು. ಆ ಆರ್ಮರ್ 17 ಹಾನಿ ತಡೆಯುತ್ತೆ. ಅಸಾಲ್ಟ್ ರೈಫಲ್‌ಗೆ 3 ದಾಳ, ಸರಾಸರಿ ಹತ್ತೂವರೆ. ಮೂರೂ ಆರು ಬಿದ್ದರೂ 18. ಎಫೆಕ್ಟ್ (ಏಟು ಎಷ್ಟು ಚೆನ್ನಾಗಿ ಬಿತ್ತು ಅನ್ನೋ ಅಂಕ) ಸೇರಿಸಿ, ಬರ್ಸ್ಟ್‌ಗೆ (ಒಟ್ಟಿಗೆ ಹಲವು ಗುಂಡು ಹಾರಿಸೋದಕ್ಕೆ) 2 ಸೇರಿಸಿ, ಆದರೂ ಬಹಳಷ್ಟು ಸಲ ಒಳಗೆ ಏನೂ ಹೋಗಲ್ಲ. ಹೊಡೆದಿದ್ದೇ ಹೊಡೆದಿದ್ದು, ಅದಕ್ಕೇ ಸಂಜೆ ಮುಗಿಯೋದು.

ಟ್ರಾವೆಲರ್ ಮೆತ್ತಗಿನ ಆಟ ಅಲ್ಲವೇ ಅಲ್ಲ. 1977ರ ಮೊದಲ ಆವೃತ್ತಿಯಲ್ಲಿ ಪಾತ್ರ ತಯಾರು ಮಾಡುವಾಗಲೇ ಸಾಯಬಹುದಿತ್ತು! ಇದರಲ್ಲಿ ಬೇರೆ ಎಚ್‌ಪಿ ಇಲ್ಲ. ಹಾನಿ ಮೊದಲು ಎಂಡ್ಯೂರೆನ್ಸ್ (ತಾಳಿಕೆಯ ಅಂಕ) ತಿನ್ನುತ್ತೆ, ಅದು ಮುಗಿದರೆ ಶಕ್ತಿಗೋ ಚುರುಕಿಗೋ ಬೀಳುತ್ತೆ. ಮೂರರಲ್ಲಿ ಎರಡು ಸೊನ್ನೆ ಆದರೆ ಪ್ರಜ್ಞೆ ಇಲ್ಲ. ಮೂರೂ ಸೊನ್ನೆ ಆದರೆ ಸಾವು. ಸಾಮಾನ್ಯವಾಗಿ ಒಂದೊಂದೂ 7ರ ಆಸುಪಾಸು ಇರುತ್ತೆ. ಬರೀ ಅಂಗಿಯಲ್ಲಿರುವವನಿಗೆ ಎರಡು ಗುಂಡು ಸಾಕು.

ನೀನು ಲಾ ಲೆವೆಲ್, ಅಂದರೆ ಒಂದು ಊರಿನ ಕಾನೂನು ಎಷ್ಟು ಬಿಗಿ ಅನ್ನೋ ಅಂಕ, ಬಳಸು. ಲೆವೆಲ್ 2ರಲ್ಲಿ ಕಾಂಬ್ಯಾಟ್ ಆರ್ಮರ್ ನಿಷೇಧ, ಲೇಸರ್ ನಿಷೇಧ. ಆದರೆ ರೈಫಲ್‌ಗೆ ಇನ್ನೂ ಅಡ್ಡಿಯಿಲ್ಲ. ಟೆಕ್ ಲೆವೆಲ್ 10ರ ಕ್ಲಾತ್ (ಬಟ್ಟೆಯ ಹಗುರ ಕವಚ) ಹಾಕಬಹುದು, ಅದು ತಡೆಯೋದು 8. ಜನ ತುಂಬಿದ ನಿಲ್ದಾಣದ ಒಳಗೆ ಯುದ್ಧದ ಆರ್ಮರ್ ಹಾಕಿ ಓಡಾಡಲು ಯಾರು ಬಿಡುತ್ತಾರೆ ಹೇಳು? ಈ ಪ್ರಶ್ನೆಯೇ ಕಥೆಗೆ ಒಳ್ಳೆಯದು. ಆರ್ಮರ್ ಹಡಗಿನಲ್ಲೇ ಇರಲಿ. ಅದನ್ನು ಕದ್ದು ಒಳಗೆ ತರೋದು ಒಂದು ಸಾಹಸವಾಗಲಿ. ಎದುರಾಳಿಗಳ ಮುಖ್ಯ ಪಡೆಗೆ ಮಾತ್ರ ಗಾಸ್ ರೈಫಲ್ ಕೊಡು. 4 ದಾಳ, ಆರ್ಮರ್‌ನಿಂದ 5 ಕಳೆಯುತ್ತೆ. ಆಗ ಆ 17 ಕೂಡ 12 ಆಗುತ್ತೆ.

ಮೂರು_ದಾಳ
ಇಷ್ಟೆಲ್ಲ ಸರ್ಕಸ್ ಯಾಕೆ? ಗರ್ಪ್ಸ್ ಲೈಟ್ ಪುಕ್ಕಟೆ ಸಿಗುತ್ತೆ, 32 ಪುಟ. ಅಪ್ಪಾ ಬಳವಂತ ಚೌಕದ ಕಡೆ ಹೋದಾಗ ಪ್ರಿಂಟ್ ತೆಗೆಸಿ ಎಲ್ಲರಿಗೂ ಹಂಚಿ.

ಆಂಧ್_ಅಕ್ಕ
ಗರ್ಪ್ಸ್ ಒಳ್ಳೆಯ ಆಟವೇ. ಆದರೆ ಅಲ್ಲೂ ಭಾರಿ ಆರ್ಮರ್ ಎದುರು ಸಣ್ಣ ಬಂದೂಕು ತಂದರೆ ಇದೇ ಆಗುತ್ತೆ. ಪುಸ್ತಕ ಬದಲಿಸಿದರೆ ಆರ್ಮರ್ ತೆಳ್ಳಗಾಗಲ್ಲ.

ಬೆಳಗಾವಿ_ಪಿಂಪ್ರಿ
ಕಾರಿಡಾರ್ ಅಂದಿದ್ದಕ್ಕೆ ನೆನಪಾಯಿತು. ನಾನು ಟೇಬಲ್ ಮೇಲೆ ಇಡಲು ಇಡೀ ನಿಲ್ದಾಣದ ಮಾದರಿ 3ಡಿ ಪ್ರಿಂಟ್ ಮಾಡಿದ್ದೇನೆ. ಗೋಡೆ ಬಾಗಿಲುಗಳಿಗೆಲ್ಲ ಮ್ಯಾಗ್ನೆಟ್, ಬಾಗಿಲು ನಿಜವಾಗಿ ಸರಿಯುತ್ತೆ. ಮಳೆಗಾಲದಲ್ಲಿ ಫಿಲಮೆಂಟ್ (ಪ್ರಿಂಟರ್‌ನ ಪ್ಲಾಸ್ಟಿಕ್ ತಂತಿ) ತೇವ ಎಳೆದುಕೊಳ್ಳುತ್ತೆ, ಅದಕ್ಕೆ ಅಕ್ಕಿ ಡಬ್ಬದಂಥ ಬಿಗಿ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡುತ್ತೇನೆ.

ಹಿಂಜವಡಿ_ಕ್ಯಾಪ್ಟನ್
ಬಾಗಿಲು ಸರಿಯುತ್ತಾ? ಫೋಟೋ ಹಾಕಿ ಸರ್! ಪ್ರಿಂಟರ್‌ಗೆ ಯಾವ ನಾಝಲ್ (ಪ್ಲಾಸ್ಟಿಕ್ ಹೊರಬರುವ ಮೂತಿ)?

ಬೆಳಗಾವಿ_ಪಿಂಪ್ರಿ
0.4 ಮಿಮೀ. ಫೋಟೋ ರಾತ್ರಿ ಹಾಕುತ್ತೇನೆ.

ಕೊತ್ರೂಡ್_ಜಿಎಂ
ಅಕ್ಕಾ, ಲಾ ಲೆವೆಲ್ 2 ಮಾಡುತ್ತೇನೆ. ಈ ಭಾನುವಾರ ಡಾಕಿಂಗ್ ಗೇಟ್‌ನಲ್ಲೇ ಆರ್ಮರ್ ಕಳಚಿಸುತ್ತೇನೆ. ಆದರೆ ದುಡ್ಡು ಕೊಟ್ಟು ಕೊಂಡವರು ಜಗಳಕ್ಕೆ ಬರುತ್ತಾರೆ. ಮೊದಲೇ ಗ್ರೂಪ್‌ನಲ್ಲಿ ಹೇಳಲಾ, ಗೇಟ್ ಹತ್ತಿರ ಬಂದಾಗ ಹೇಳಲಾ?

ಆಂಧ್_ಅಕ್ಕ
ಮೊದಲೇ ಹೇಳು. ಅವರ ಪಾತ್ರಗಳಿಗೆ ಆ ಊರಿನ ಕಾನೂನು ಗೊತ್ತೇ ಇರುತ್ತೆ.

ಮೂರು_ದಾಳ
ಭಾನುವಾರ ಆಡಿ ನೋಡಿ ಇಲ್ಲೇ ಬರೆಯಿರಿ. ಆಗಲೂ ಭಯ ಬರದಿದ್ದರೆ ಒಂದು ಸಂಜೆ ನಾನೇ ಕೊತ್ರೂಡ್‌ಗೆ ಬಂದು ಗರ್ಪ್ಸ್ ಆಡಿಸುತ್ತೇನೆ.