ಮೊಹಾವಿ ಮರುಭೂಮಿಯ ಸಾರ್ವಜನಿಕ ಭೂಮಿಯಲ್ಲಿ ಜೀಪು ಓಡಿಸಿ, ಡೇರೆ ಹಾಕಿ ತಂಗುವ ಬಗ್ಗೆ

ಪ್ರಶ್ನೆ (ಕುವೆಂಪುನಗರ, ಮೈಸೂರು)

ಮಗಳು ಮತ್ತು ಅಳಿಯ ಲಾಸ್ ಏಂಜಲೀಸ್‌ನಲ್ಲಿದ್ದಾರೆ. ಮಾರ್ಚ್ ಕೊನೆಯ ವಾರ ನಾನೂ ನನ್ನ ಪತ್ನಿಯೂ ಅಲ್ಲಿಗೆ ಹೋಗುತ್ತಿದ್ದೇವೆ. ಫೋರ್ ವೀಲ್ ಡ್ರೈವ್ ವಾಹನವೊಂದನ್ನು ಬಾಡಿಗೆಗೆ ಪಡೆದು ಮರುಭೂಮಿಯಲ್ಲಿ ಮೂರು ರಾತ್ರಿ ಕಳೆಯೋಣವೆಂದೂ, ಅಲ್ಲಿನ ಸರ್ಕಾರಿ ಭೂಮಿಯಲ್ಲಿ ಯಾರ ಅಪ್ಪಣೆಯೂ ಇಲ್ಲದೆ, ದುಡ್ಡು ಕೊಡದೆ ಡೇರೆ ಹಾಕಬಹುದೆಂದೂ ಅಳಿಯ ಹೇಳುತ್ತಾರೆ. ರಾತ್ರಿ ಒಂಬತ್ತಾದರೆ ಬಂಡೀಪುರದ ರಸ್ತೆ ಮುಚ್ಚುವುದನ್ನು ಕಂಡಿರುವ ನನಗೆ ಇದನ್ನು ನಂಬುವುದು ಕಷ್ಟವಾಗಿದೆ. ಮರಳೆಂದರೆ ನನಗೆ ಗೊತ್ತಿರುವುದು ತಲಕಾಡಿನ ಮರಳು ಮಾತ್ರ. ಹೀಗೆ ತಂಗುವುದು ಕಾನೂನಿಗೆ ಒಪ್ಪುವ ಮಾತೇ? ವಾಹನವನ್ನು ಎಲ್ಲೆಲ್ಲಿ ಓಡಿಸಬಹುದು? ನೀರು, ಶೌಚ ಇವುಗಳಿಗೆ ಏನು ವ್ಯವಸ್ಥೆ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಪಾಂಡವಪುರ)

ನಿಮ್ಮ ಅಳಿಯ ಹೇಳಿದ್ದು ನಿಜ, ಆದರೆ ಎಲ್ಲ ಸರ್ಕಾರಿ ಭೂಮಿಗೂ ಅದು ಅನ್ವಯಿಸುವುದಿಲ್ಲ. ನಮ್ಮ ಊರುಗಳ ಗೋಮಾಳವನ್ನು ನೆನೆದುಕೊಂಡರೆ ಆ ವ್ಯವಸ್ಥೆ ಬೇಗ ಅರ್ಥವಾಗುತ್ತದೆ. ಪಶ್ಚಿಮ ಅಮೆರಿಕದಲ್ಲಿ ಯಾರೂ ಸಾಗುವಳಿಗೆ ಪಡೆಯದೆ ಉಳಿದಿದ್ದ ಒಣಭೂಮಿಯಲ್ಲಿ ದನ ಮೇಯಿಸುವುದಕ್ಕೆ ಒಂದು ಕಟ್ಟುಪಾಡು ಇರಲೆಂದು 1934ರಲ್ಲಿ ಟೇಲರ್ ಗ್ರೇಜಿಂಗ್ ಕಾಯ್ದೆ ಬಂತು. ಮೇವನ್ನು ನೋಡಿಕೊಳ್ಳುತ್ತಿದ್ದ ಇಲಾಖೆಯನ್ನೂ ಹಳೆಯ ಭೂಕಚೇರಿಯನ್ನೂ 1946ರಲ್ಲಿ ಒಂದುಗೂಡಿಸಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂದು ಹೆಸರಿಟ್ಟರು. ಇಂದು ಅದರ ಸುಪರ್ದಿನಲ್ಲಿ ಸುಮಾರು 24.5 ಕೋಟಿ ಎಕರೆ ಇದೆ. ನಿಷೇಧದ ಫಲಕವಿಲ್ಲದ ಕಡೆಗಳಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನಗಳವರೆಗೆ ಶುಲ್ಕವಿಲ್ಲದೆ ತಂಗಬಹುದು. ಈಗಲೂ ಕೆಲವು ಕಡೆ ದನ ಮೇಯುತ್ತವೆ. ದಾರಿಯಲ್ಲಿ ಬೇಲಿಯ ಗೇಟು ತೆರೆದಿದ್ದರೆ ಹಾಗೆಯೇ ಬಿಡಿ, ಮುಚ್ಚಿದ್ದರೆ ದಾಟಿದ ಮೇಲೆ ಮತ್ತೆ ಮುಚ್ಚಿ.

ಜೋಶುವಾ ಟ್ರೀ ಮತ್ತು ಡೆತ್ ವ್ಯಾಲಿಯ ಕಾನೂನು ಬೇರೆ. 1994ರಲ್ಲಿ ಅವು ರಾಷ್ಟ್ರೀಯ ಉದ್ಯಾನಗಳಾದವು. ಅಲ್ಲಿ ದಾರಿ ಬಿಟ್ಟು ಚಕ್ರ ಇಳಿಸುವಂತೆಯೇ ಇಲ್ಲ. ಜೋಶುವಾ ಟ್ರೀಯ ದಕ್ಷಿಣದ ಗೇಟಿನಿಂದ ಹೊರಬಂದರೆ ಹೆದ್ದಾರಿ 10ರ ಬಳಿ ಬ್ಯೂರೋದ ಭೂಮಿಯಿದೆ; ನಾನು ಮೊದಲ ಸಲ ಮಲಗಿದ್ದು ಅಲ್ಲಿಯೇ. ಬ್ಯೂರೋದ ಭೂಮಿಯಲ್ಲಿಯೂ ಬಹುಪಾಲು ಕಡೆ ಗುರುತಿಸಿದ ದಾರಿಗಳಲ್ಲಿ ಮಾತ್ರ ವಾಹನ ಓಡಿಸಬೇಕು. ಮನಬಂದಂತೆ ಓಡಿಸುವುದಕ್ಕೆ ಜಾನ್ಸನ್ ವ್ಯಾಲಿಯಂಥ ಕೆಲವು ಪ್ರದೇಶಗಳನ್ನು ಬಿಟ್ಟುಕೊಟ್ಟಿದ್ದಾರೆ. ಅಲ್ಲಿಯೂ ಒಂದು ಭಾಗವನ್ನು ಸೇನಾ ತರಬೇತಿಗೆಂದು ಆಗಾಗ ಮುಚ್ಚುತ್ತಾರಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಉತ್ತರ 2 (ಸರಸ್ವತಿಪುರಂ, ಮೈಸೂರು)

ಮೊದಲು ಬಾಡಿಗೆ ಕರಾರನ್ನು ಪೂರ್ತಿ ಓದಿ. ಡಾಂಬರು ರಸ್ತೆ ಬಿಟ್ಟು ಇಳಿಯಬಾರದೆಂಬ ಷರತ್ತು ಸಾಮಾನ್ಯ ಬಾಡಿಗೆ ವಾಹನಗಳಿಗೆ ಇದ್ದೇ ಇರುತ್ತದೆ. ಅದನ್ನು ಓದದೆ ನಾವು ಕಲ್ಲುದಾರಿಗೆ ಇಳಿದೆವು. ಚೂಪುಗಲ್ಲೊಂದು ಟೈರಿನ ಪಕ್ಕೆಯನ್ನು ಸೀಳಿತು. ವಿಮೆ ಅನ್ವಯಿಸುವುದಿಲ್ಲವೆಂದು ಆ ಸಂಸ್ಥೆ ಟೈರಿನ ಬೆಲೆಯ ಜೊತೆಗೆ ವಾಹನವನ್ನು ಎಳೆದು ತಂದ ಖರ್ಚನ್ನೂ ನಮ್ಮಿಂದಲೇ ವಸೂಲು ಮಾಡಿತು. ಮಣ್ಣುದಾರಿಗೆಂದೇ ಜೀಪು ಕೊಡುವವರು ಬೇರೆ ಇದ್ದಾರೆ. ದುಬಾರಿಯಾದರೂ ಅವರಿಂದಲೇ ಪಡೆಯಿರಿ.

ಮರಳಿಗೆ ಇಳಿಯುವ ಮುನ್ನ ಟೈರಿನ ಗಾಳಿಯನ್ನು 35 ಪೌಂಡಿನಿಂದ 20ರ ಆಸುಪಾಸಿಗೆ ಇಳಿಸಬೇಕು. ಆಗ ಟೈರಿನ ಹೊಟ್ಟೆ ಸ್ವಲ್ಪ ಉಬ್ಬಿ, ನೆಲ ಹಿಡಿಯುವ ಭಾಗ ಉದ್ದವಾಗುತ್ತದೆ, ವಾಹನ ಮರಳಿನ ಮೇಲೆ ತೇಲಿದಂತೆ ಸಾಗುತ್ತದೆ. ಹೂತುಕೊಂಡರೆ ಮಾತ್ರ ಆಕ್ಸಿಲರೇಟರ್ ತುಳಿಯಬೇಡಿ. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರ್ ಇಳಿದಂತೆ ಚಕ್ರ ತಿರುಗಿದಷ್ಟೂ ಆಳಕ್ಕೆ ಹೋಗುತ್ತದೆ. ಚಕ್ರದ ಹಿಂದಿನ ಮರಳನ್ನು ಸಲಿಕೆಯಿಂದ ತೆಗೆದು, ಬಂದ ದಾರಿಯಲ್ಲೇ ನಿಧಾನವಾಗಿ ಹಿಂದಕ್ಕೆ ಬನ್ನಿ. ಡಾಂಬರಿಗೆ ಹತ್ತುವಾಗ ಮತ್ತೆ ಗಾಳಿ ತುಂಬಲು ಸಣ್ಣ ಕಂಪ್ರೆಸರ್ ಜೊತೆಗಿರಲಿ.

ಕುಡಿಯುವುದಕ್ಕೂ ಅಡುಗೆಗೂ ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು ಬೇಕು. ಎರಡು ದಿನಕ್ಕಾಗುವಷ್ಟು ಹೆಚ್ಚು ತುಂಬಿಕೊಳ್ಳಿ. ಮಾರ್ಚಿನಲ್ಲಿ ಬಿಸಿಲು ಹಿತವಾಗಿದ್ದರೂ ಗಾಳಿ ಜೋರು. ಡೇರೆಯ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂಳುವುದೇ ಸರಿಯಾದ ಉಪಾಯ. ಶೌಚಕ್ಕೆ ಡೇರೆಯಿಂದ ದೂರದಲ್ಲಿ ಒಂದು ಗೇಣಿಗೆ ಸ್ವಲ್ಪ ಕಡಿಮೆ ಆಳದ ಗುಂಡಿ ತೆಗೆದು, ಕೆಲಸ ಮುಗಿದ ಮೇಲೆ ಮುಚ್ಚಬೇಕು. ಕಾಗದವನ್ನು ಹೂಳದೆ ಚೀಲದಲ್ಲಿ ಕಟ್ಟಿ ವಾಪಸು ತನ್ನಿ. ಆ ಒಣನೆಲದಲ್ಲಿ ಅದು ಬೇಗ ಕರಗುವುದಿಲ್ಲ.

ಉತ್ತರ 3 (ಮದ್ದೂರು)

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ದಾರಿ ಬಿಡಬಾರದೆಂಬುದರ ಕಾರಣವನ್ನು ಯಾರೂ ಹೇಳಲಿಲ್ಲ. ಮರುಭೂಮಿಯ ನೆಲದಲ್ಲಿ ಅನೇಕ ಕಡೆ ಕಪ್ಪಗೆ, ಉಬ್ಬುತಗ್ಗಾಗಿ ಕಾಣುವ ಒಂದು ಪದರವಿರುತ್ತದೆ. ಮಂಡಿಯೂರಿ ಹತ್ತಿರದಿಂದ ನೋಡಿದರೆ ಪುಟ್ಟ ಕೋಟೆಕೊತ್ತಲಗಳಂತೆ ಎದ್ದು ನಿಂತಿರುತ್ತದೆ. ಸಯಾನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆಗಳು ಸೇರಿ ಮಣ್ಣಿನ ಕಣಗಳನ್ನು ಹೆಣೆದು ಕಟ್ಟಿದ ಜೀವಂತ ಹೊದಿಕೆ ಅದು. ಅದು ಇರುವುದರಿಂದಲೇ ಗಾಳಿಗೆ ಮಣ್ಣು ಹಾರದೆ ಉಳಿಯುತ್ತದೆ. ಒಂದು ಸಲ ಚಕ್ರ ಹರಿದರೆ ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1944ರವರೆಗೆ, ಇದೇ ಮರುಭೂಮಿಯಲ್ಲಿ ತರಬೇತಿ ಪಡೆದ ಟ್ಯಾಂಕುಗಳ ಜಾಡು ಇಂದಿಗೂ ಕೆಲವು ಕಡೆ ಅಳಿಸಿಲ್ಲ. ಹಿಂದಿನವರು ಡೇರೆ ಹಾಕಿ ಗಟ್ಟಿಯಾದ ಜಾಗವನ್ನೇ ಹುಡುಕಿ, ಅಲ್ಲಿಯೇ ನೀವೂ ತಂಗಿ. ಮಟ್ಟಸವಾಗಿ ಕಾಣುವ ಒಣಹಳ್ಳ ಮಾತ್ರ ಬೇಡ. ದೂರದ ಬೆಟ್ಟದಲ್ಲಿ ಸುರಿದ ಮಳೆ ಅಲ್ಲಿ ದಿಢೀರನೆ ನುಗ್ಗುತ್ತದೆ.

ಇನ್ನೊಂದು ವಿಷಯ: ವಾಹನ ಚಾಲೂ ಮಾಡುವ ಮುನ್ನ ಪ್ರತಿ ಸಲವೂ ಬಗ್ಗಿ ಅಡಿಯಲ್ಲಿ ನೋಡಿ. ವಸಂತದಲ್ಲಿ ಬಿಲದಿಂದ ಹೊರಬರುವ ಮರುಭೂಮಿ ಆಮೆ ನೆರಳನ್ನು ಹುಡುಕಿ ಚಕ್ರದ ಪಕ್ಕ ಮಲಗಿರುತ್ತದೆ. ಮೊಹಾವಿಯ ಈ ಆಮೆಗೆ 1990ರಿಂದ ಕಾನೂನಿನ ರಕ್ಷಣೆಯಿದೆ. ಅದನ್ನು ಕೈಯಲ್ಲಿ ಎತ್ತಬೇಡಿ. ಬೆದರಿದರೆ ಅದು ಒಳಗೆ ಕೂಡಿಟ್ಟುಕೊಂಡ ನೀರನ್ನು ಹೊರಬಿಡುತ್ತದೆ, ಮುಂದಿನ ಮಳೆಯವರೆಗೆ ಅದಕ್ಕಿರುವುದು ಆ ನೀರೇ. ತಾನಾಗಿ ಹೊರಡುವವರೆಗೆ ಕಾಯುವುದೊಂದೇ ದಾರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಬಾಡಿಗೆ ವಾಹನವನ್ನು ಬದಲಿಸಲು ಅಳಿಯನಿಗೆ ತಿಳಿಸಿದ್ದೇನೆ. ಮೊಬೈಲ್ ಸಿಗ್ನಲ್ ಇರುವುದಿಲ್ಲವೆಂದು ಅವರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವೊಂದನ್ನು ಕೊಂಡಿದ್ದಾರೆ. ಅದನ್ನು ಆಮೇಲೆ ನನಗೇ ಕೊಡುತ್ತಾರಂತೆ.

ಉತ್ತರ 1 (ಪಾಂಡವಪುರ)

ಮರುಭೂಮಿಯಲ್ಲಿ ಅದು ಖಂಡಿತ ಜೊತೆಗಿರಲಿ. ವಾಹನ ಕೆಟ್ಟರೆ ಅದರ ನೆರಳು ಬಿಟ್ಟು ನಡೆಯದೆ, ಆ ಸಾಧನದಿಂದ ಸಹಾಯ ಕೇಳಿ ಅಲ್ಲಿಯೇ ಕಾಯಿರಿ. ಮೈಸೂರಿಗೆ ಮಾತ್ರ ಅದನ್ನು ತರಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅಂಥ ಸಾಧನವನ್ನು ಭಾರತಕ್ಕೆ ತರುವುದು ಅಪರಾಧ, ವಿಮಾನ ನಿಲ್ದಾಣದಲ್ಲಿಯೇ ತಡೆಯುತ್ತಾರೆ.