ಕೆರೆ ಹಸಿರಾಯಿತು, ಪಾಚಿಯ ಬಗೆಗಳು ಎಲ್ಲಿ ಹೋದವು?

ಪ್ರಶ್ನೆ (ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ): ನಮಸ್ಕಾರ ಮೇಡಂ. ಪ್ರತಿ ವರ್ಷ ಊರ ಕೆರೆಯ ನೀರನ್ನು ಮಕ್ಕಳಿಗೆ ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತೇನೆ. ಮೂರು ವರ್ಷದ ಹಿಂದೆ ದೋಣಿಯಂಥವು, ಬಿದಿಗೆ ಚಂದ್ರನಂಥವು, ನಕ್ಷತ್ರದಂಥವು ಕಂಡು ಮಕ್ಕಳು ಪೈಪೋಟಿಯಿಂದ ಚಿತ್ರ ಬರೆದಿದ್ದರು. ಆಮೇಲೆ ಹೊಸ ಬಡಾವಣೆಯ ಚರಂಡಿ ನೀರು ಕೆರೆಗೆ ಸೇರತೊಡಗಿತು. ಈಗ ನೀರು ಕಡು ಹಸಿರು, ಆದರೆ ಗಾಜಿನ ಪಟ್ಟಿಯ ಮೇಲೆ ಒಂದೇ ಬಗೆಯ ಚುಕ್ಕೆಗಳ ಮುದ್ದೆ. ಗೊಬ್ಬರ ಸಿಕ್ಕರೆ ಎಲ್ಲ ಬಗೆಯ ಪಾಚಿಯೂ ಹೆಚ್ಚಬೇಕಲ್ಲವೇ?

ಉತ್ತರ (ಸಿಹಿನೀರಿನ ಜೀವವಿಜ್ಞಾನಿ): ಮೇಷ್ಟ್ರೇ, ಆ ಹಳೆಯ ಚಿತ್ರಗಳನ್ನು ದಿನಾಂಕ ಬರೆದು ಜೋಪಾನವಾಗಿ ಎತ್ತಿಡಿ. ನಿಮ್ಮ ಕೆರೆ ಹಿಂದೆ ಹೇಗಿತ್ತು ಎಂಬುದಕ್ಕೆ ಬೇರೆ ದಾಖಲೆ ಇರಲಾರದು.

ದೋಣಿಯಂಥವು ಡಯಾಟಮ್‌ ಎಂಬ ಪಾಚಿಗಳು, ಚಂದ್ರ ಮತ್ತು ನಕ್ಷತ್ರ ಡೆಸ್ಮಿಡ್‌ ಎಂಬ ಹಸಿರು ಪಾಚಿಗಳು. ಈಗಿನ ಮುದ್ದೆ ಬಹುಮಟ್ಟಿಗೆ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ. ನಿಜವಾಗಿ ಅದು ಬ್ಯಾಕ್ಟೀರಿಯಾ. ನೀರಿನಲ್ಲಿ ಪೋಷಕಾಂಶ ಮಿತವಾಗಿದ್ದಾಗ ಒಂದಕ್ಕೆ ರಂಜಕದ (ಫಾಸ್ಫರಸ್) ಕೊರತೆ, ಇನ್ನೊಂದಕ್ಕೆ ಸಾರಜನಕದ ಕೊರತೆ, ಡಯಾಟಮ್‌ಗೆ ಚಿಪ್ಪು ಕಟ್ಟಲು ಸಿಲಿಕಾದ ಕೊರತೆ. ಯಾವುದೂ ಪೂರ್ತಿ ಗೆಲ್ಲದ ಕಾರಣ ಎಲ್ಲಕ್ಕೂ ಜಾಗ ಸಿಗುತ್ತದೆ. ಮಲಮೂತ್ರ ಮತ್ತು ಸೋಪಿನ ಪುಡಿಯಿಂದ ರಂಜಕ ಯಥೇಚ್ಛವಾಗಿ ಬಂದರೆ ಆ ಪೈಪೋಟಿ ಮುಗಿದು ಬೆಳಕಿಗಾಗಿ ಜಗಳ ಶುರುವಾಗುತ್ತದೆ. ಮೈಕ್ರೋಸಿಸ್ಟಿಸ್ ತನ್ನ ಜೀವಕೋಶದೊಳಗೆ ಗಾಳಿಯ ಚೀಲಗಳನ್ನು ಇಟ್ಟುಕೊಂಡು ಮೇಲಕ್ಕೆ ತೇಲಿ ಕೆರೆಗೆ ಚಪ್ಪರ ಹಾಕುತ್ತದೆ. ಚಪ್ಪರದಡಿ ಉಳಿದವು ಬೆಳಕಿಲ್ಲದೆ ಸೊರಗುತ್ತವೆ. ಪಾಚಿ ತಿನ್ನುವ ನೀರುಚಿಗಟಗಳಿಗೂ ಅದರ ಅಂಟುಮುದ್ದೆ ಬಾಯಿಗೆ ಹಿಡಿಸುವುದಿಲ್ಲ; ಅವು ಉಳಿದ ಸಣ್ಣ ಪಾಚಿಗಳನ್ನೇ ಹೆಚ್ಚಾಗಿ ತಿನ್ನುತ್ತವೆ.

ಮಕ್ಕಳು ಆ ಹಸಿರು ಕೆನೆಯನ್ನು ಬರಿಗೈಯಲ್ಲಿ ಮುಟ್ಟದಿರಲಿ. ಯಕೃತ್ತಿಗೆ ಹಾನಿ ಮಾಡುವ ವಿಷ ಅದರಲ್ಲಿ ಇರಬಹುದು, ಕುದಿಸಿದರೂ ಆ ವಿಷ ಹೋಗುವುದಿಲ್ಲ.

ಪ್ರಶ್ನೆ (ಮೀನು ಸಾಕಣೆಗೆ ಕೆರೆ ಗುತ್ತಿಗೆ ಹಿಡಿದವರು): ಮೇಡಂ, ಮೈಲುತುತ್ತ ಎರಚಿದರೆ ಪಾಚಿ ಸಾಯುತ್ತದೆ ಎನ್ನುತ್ತಾರೆ. ಹಾಕಬಹುದೇ?

ಉತ್ತರ: ಬೇಡ, ದಯವಿಟ್ಟು ಬೇಡ. ಪಾಚಿ ಒಮ್ಮೆಲೇ ಸತ್ತರೆ ಒಳಗಿದ್ದ ವಿಷ ನೀರಿಗೆ ಬೀಳುತ್ತದೆ. ಕೊಳೆಯುವಾಗ ಆಮ್ಲಜನಕ ಮುಗಿದು ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದನ್ನು ನೀವೇ ನೋಡುತ್ತೀರಿ. ರಂಜಕವಂತೂ ಕೆರೆಯಲ್ಲೇ ಉಳಿದು ಮುಂದಿನ ಪಾಚಿಗೆ ಊಟವಾಗುತ್ತದೆ.

ಪ್ರಶ್ನೆ (ಶಿಕ್ಷಕ): ಚರಂಡಿ ನಿಲ್ಲಿಸಿದರೆ ಹಳೆಯ ಬಗೆಗಳು ಮರಳುತ್ತವೆಯೇ?

ಉತ್ತರ: ಮರಳಿದ ಉದಾಹರಣೆ ಇದೆ. ಅಮೆರಿಕದ ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರದಲ್ಲಿ 1955ರಲ್ಲಿ ಆಸಿಲಟೋರಿಯಾ ಎಂಬ ನೀಲಿ-ಹಸಿರು ಪಾಚಿ ಕಾಣಿಸಿಕೊಂಡಿತು. ಡಬ್ಲ್ಯೂ. ಟಿ. ಎಡ್ಮಂಡ್ಸನ್ ಎಂಬ ವಿಜ್ಞಾನಿ ಇದು ಕೊಳಚೆಯ ಫಲವೆಂದು ಎಚ್ಚರಿಸಿದರು. ಜನ ಮತ ಹಾಕಿ ತೆರಿಗೆಯ ಭಾರ ಹೊತ್ತು, 1963ರಿಂದ 1968ರೊಳಗೆ ಕೊಳಚೆಯನ್ನು ಬೇರೆಡೆಗೆ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು. ಆದರೆ ಅದು 60 ಮೀಟರಿಗೂ ಹೆಚ್ಚು ಆಳದ ಸರೋವರ. ನಮ್ಮ ಕೆರೆಗಳು ಆಳವಿಲ್ಲದವು. ಹೂಳಿನಲ್ಲಿ ಕುಳಿತ ರಂಜಕ ತಳದಲ್ಲಿ ಆಮ್ಲಜನಕ ತಗ್ಗಿದಾಗಲೆಲ್ಲ ಮತ್ತೆ ನೀರಿಗೆ ಏಳುತ್ತದೆ. ಹಾಗಾಗಿ ಮೊದಲು ಚರಂಡಿ ನಿಲ್ಲಬೇಕು, ಆಮೇಲೆ ಹೂಳು ತೆಗೆಯಬೇಕು. ಇದನ್ನು ತಿರುವುಮುರುವು ಮಾಡಿದರೆ ಖರ್ಚು ಮಾತ್ರ ಉಳಿಯುತ್ತದೆ.

ಅಷ್ಟರಲ್ಲಿ ಒಂದು ಪರೀಕ್ಷೆ ಮಾಡಿ: ಗಾಜಿನ ಜಾಡಿಗೆ ಮುಕ್ಕಾಲು ಭಾಗ ಕೆರೆ ನೀರು ತುಂಬಿ, ಮುಚ್ಚಿ, ರಾತ್ರಿಯಿಡೀ ಅಲುಗಾಡಿಸದೆ ಇಡಿ.

ಮರುದಿನ, ಶಿಕ್ಷಕ: ಇಟ್ಟೆವು ಮೇಡಂ. ಮೇಲೆ ಬೆರಳಗಲ ಹಸಿರು ಉಂಗುರ ಕಟ್ಟಿದೆ, ಕೆಳಗೆ ನೀರು ತಿಳಿಯಾಗಿದೆ.

ಉತ್ತರ: ಹಾಗಿದ್ದರೆ ತೇಲುವ ನೀಲಿ-ಹಸಿರು ಪಾಚಿಯೇ ಇರಬೇಕು. ಆ ಜಾಡಿಯ ಫೋಟೋವನ್ನೂ ಮಕ್ಕಳ ಹಳೆಯ ಚಿತ್ರಗಳನ್ನೂ ಒಟ್ಟಿಗೆ ಪಂಚಾಯಿತಿಯ ಮುಂದಿಡಿ. ಅರ್ಜಿ ಬರೆಯಲು ನಾನು ಜೊತೆಗಿರುತ್ತೇನೆ.